ಸೊಕ್ಕಿನ ಶಾಂತಮ್ಮನ ರಷ್ಯನ್ ನೇಗಿಲು

ವಿನೋಬನಗರಕ್ಕೆ ಬಂದು ಶಾಂತಕುಮಾರಿಯವರ ಮನೆ ಎಲ್ಲಿ ಅಂತ ಕೇಳಿ ನೋಡಿ, ಯಾರೂ ತೋರಿಸುವುದಿಲ್ಲ. ರಷ್ಯನ್ ಟೀಚರ್ ಅಂದರೆ ಅರ್ಧ ಜನ ತೋರಿಸುತ್ತಾರೆ. ಸೊಕ್ಕಿನ ಶಾಂತಮ್ಮ ಅಂದರೆ ಮಾತ್ರ ಆಟೋದವನೇ ಬಾಗಿಲ ತನಕ ಬಿಟ್ಟು, "ಇದೇ ನೋಡ್ರಿ ಮನೆ, ಸ್ವಲ್ಪ ನೋಡಿಕೊಂಡು ಮಾತಾಡ್ರಿ" ಅಂತ ಬುದ್ಧಿ ಹೇಳಿ ಹೋಗುತ್ತಾನೆ.

ಆ ಹೆಸರು ಆಕೆಗೆ ಒಂದು ನೇಗಿಲಿನಿಂದ ಬಂತು. ಅದೂ ನಮ್ಮ ಕಡೆಯ ನೇಗಿಲಲ್ಲ, ರಷ್ಯಾದ್ದು.

ದಾವಣಗೆರೆಯಲ್ಲಿ ರಷ್ಯನ್ ಭಾಷೆ ಯಾರಿಗೆ ಬೇಕಾಗಿತ್ತು ಅಂತ ಕೇಳಬೇಡಿ. ಡಾಕ್ಟರ್ ಆಗುವವರಿಗೆ ಬೇಕು. ಇಲ್ಲಿ ಸೀಟು ಸಿಗದ ಮಕ್ಕಳು ಅಲ್ಲಿಗೆ ಹೋಗಿ ಓದುತ್ತಾರೆ. ಪಾಠವೇನೋ ಇಂಗ್ಲಿಷಿನಲ್ಲಿ ನಡೆದೀತು. ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಆ ಊರಿನ ಅಜ್ಜಿ ತನ್ನ ಹೊಟ್ಟೆನೋವನ್ನು ಇಂಗ್ಲಿಷಿನಲ್ಲಿ ಹೇಳುತ್ತಾಳೆಯೇ? ಅದಕ್ಕೇ ವಿಮಾನ ಹತ್ತುವ ಮುಂಚೆ ಮಕ್ಕಳು ಶಾಂತಮ್ಮನ ಹತ್ತಿರ ಬರುತ್ತಾರೆ. ಬಂದ ಮೊದಲನೆಯ ದಿನ ಆಕೆ ಬೋರ್ಡಿನ ಮೇಲೆ ರಷ್ಯನ್ ಅಕ್ಷರದಲ್ಲಿ ಒಂದು ಪದ ಬರೆದು, ಅದರ ಕೆಳಗೆ ಕನ್ನಡದಲ್ಲಿ 'ಸೊಖಾ' ಅಂತ ಬರೆಯುತ್ತಾಳೆ.

"ಬರೆಯೋದು ಸೊಖಾ, ಅನ್ನೋದು ಸಖಾ. ಒತ್ತು ಬೀಳದ 'ಒ' ಅವರ ಬಾಯಾಗೆ 'ಅ' ಆಗುತ್ತೆ. ಇಷ್ಟು ತಿಳಕೊಂಡ್ರೆ ಅರ್ಧ ರಷ್ಯನ್ ಬಂದಂಗೆ," ಅನ್ನುತ್ತಾಳೆ. ಅರ್ಧ ಅನ್ನುವುದು ಸುಳ್ಳು. ಮಕ್ಕಳು ಹೆದರಿ ಓಡಿಹೋಗದಿರಲಿ ಅಂತ ಹೇಳುವ ಮಾತು ಅದು. ಆಕೆ ಬದುಕಿನಲ್ಲಿ ತಿಳಿದೂ ತಿಳಿದೂ ಹೇಳುವ ಸುಳ್ಳು ಅದೊಂದೇ ಇರಬೇಕು.

ಯಾವುದೋ ವರ್ಷ ಒಬ್ಬ ತುಂಟ ಆಕೆ ನೀರು ಕುಡಿಯಲು ಹೋದಾಗ ಎದ್ದು, ಬೋರ್ಡಿನ 'ಸೊಖಾ' ಅಳಿಸಿ 'ಸೊಕ್ಕು' ಅಂತ ತಿದ್ದಿದ್ದ. ಶಾಂತಮ್ಮ ವಾಪಸ್ ಬಂದು ನೋಡಿದಳು. ಕ್ಲಾಸಿನವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. "ಕಾಗುಣಿತ ಸರಿ ಐತೆ," ಅಂದಳು, ಪಾಠ ಮುಂದುವರಿಸಿದಳು. ಅವತ್ತಿನಿಂದ ಆಕೆ ಸೊಕ್ಕಿನ ಶಾಂತಮ್ಮ.

ಸೊಕ್ಕು ಇತ್ತೇ ಅಂದರೆ, ಇತ್ತು. ಯಾಕೆ ಇಲ್ಲ ಅನ್ನಬೇಕು? ಆಕೆ ರಷ್ಯನ್ ಕಲಿತದ್ದೇ ಸೊಕ್ಕಿಗೆ. ಹುಟ್ಟಿ ಬೆಳೆದದ್ದು ಹರಿಹರದಲ್ಲಿ, ಹೊಳೆ ದಂಡೆಗೆ ಇವರ ಹೊಲ. ಕಾಲೇಜು ಹುಡುಗಿಯಾಗಿದ್ದಾಗ ಬಸ್‌ಸ್ಟ್ಯಾಂಡಿನ ಹತ್ತಿರ ರಷ್ಯಾದ ಪುಸ್ತಕ ಮಾರುವ ವ್ಯಾನು ಬಂದು ನಿಂತಿತ್ತು. ರಷ್ಯನ್ ಕಲಿಸುವ ಪುಸ್ತಕವೊಂದನ್ನು ಆಕೆ ಕೈಗೆತ್ತಿಕೊಂಡಳು. ಪಕ್ಕದಲ್ಲಿದ್ದ ಅಣ್ಣ, "ಅದು ನಿನ್ ಕೈಲಾಗಲ್ಲ, ಇಡು ಅಲ್ಲಿ" ಅಂದ. ಮುಗಿಯಿತು ಕಥೆ. ಅಣ್ಣ ಅವತ್ತು ಬಾಯಿ ಮುಚ್ಚಿಕೊಂಡಿದ್ದರೆ ಶಾಂತಮ್ಮ ಕಸೂತಿ ಕಲಿತು ಸುಮ್ಮನಾಗುತ್ತಿದ್ದಳೋ ಏನೋ.

ಆ ಪುಸ್ತಕದಲ್ಲಿ ಒಬ್ಬ ಬಡ ರೈತನ ಕಥೆ ಇತ್ತು. ಅವನು ಬೆಳಗಾದರೆ ಸೊಖಾ ಹೊತ್ತುಕೊಂಡು ಹೊಲಕ್ಕೆ ಹೋಗುತ್ತಿದ್ದ. ನಿಘಂಟಿನಲ್ಲಿ ನೋಡಿದರೆ 'ಎರಡು ಹಲ್ಲಿನ ಮರದ ನೇಗಿಲು' ಅಂತಿತ್ತು. ರೈತರ ಮನೆ ಹುಡುಗಿಗೆ ಅಷ್ಟು ಸಾಕಾಗಲಿಲ್ಲ. ನಮ್ಮಲ್ಲಿ ನೇಗಿಲು ಬೇರೆ, ರಂಟೆ ಬೇರೆ, ಕುಂಟೆ ಬೇರೆ, ಕೂರಿಗೆ ಬೇರೆ. ಇದು ಯಾವುದರ ಬಳಗ? ಅಪ್ಪನ ಮುರಿದ ಕುಂಟೆ ರಿಪೇರಿಗೆ ಹೋದಾಗ ಆಕೆಯೂ ಜೊತೆಗೆ ಹೋಗಿ, ಮರಗೆಲಸದ ಮಸ್ತಾನಸಾಬರನ್ನು ಕೇಳಿಯೇ ಬಿಟ್ಟಳು.

"ಎರಡು ಹಲ್ಲು ಅಂದ್ರೆ ಕವಲಿರೋ ಮರ ಸಿಕ್ರೆ ಚಲೋ ತಂಗಿ," ಅಂದರು ಮಸ್ತಾನಸಾಬ್. "ನಾವು ಕೂಡಿಸಿದ ಕವಲು ಕಲ್ಲಿಗೆ ತಾಗಿದ್ರೆ ಬಿಚ್ಚಿಕೊಳ್ಳುತ್ತೆ. ಮರದಾಗೇ ಹುಟ್ಟಿರಬೇಕು." ಅಷ್ಟು ಹೇಳಿ, ರಷ್ಯಾದಾಗೆ ಬೇವಿನಮರ ಐತೇನು ಅಂತ ಇವಳನ್ನೇ ಕೇಳಿದರು. ಇವಳಿಗೆ ಗೊತ್ತಿರಲಿಲ್ಲ.

ಮುಂದೆ ಮದುವೆಯಾಗಿ ದಾವಣಗೆರೆಗೆ ಬಂದಳು. ಗಂಡ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ಒಳ್ಳೆಯ ಮನುಷ್ಯ, ಹೆಂಡತಿ ರೇಡಿಯೋಗೆ ಕಿವಿ ಹಚ್ಚಿ ಏನೋ ಗುಣುಗುಣು ಅನ್ನುವುದನ್ನು ನೋಡಿ ನಗುತ್ತಿದ್ದ, ಬೈಯುತ್ತಿರಲಿಲ್ಲ. ಅಂಚೆಯಲ್ಲಿ ಪಾಠ ತರಿಸಿಕೊಂಡು ಡಿಪ್ಲೊಮಾ ಕಟ್ಟಿದಳು. ಪರೀಕ್ಷೆಗೆ ಅಂತ ಮೈಸೂರಿಗೆ ಹೋದಾಗ ಅಲ್ಲಿಯ ಲೈಬ್ರರಿಯಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತು. ಪದಗಳ ಹುಟ್ಟು ಹೇಳುವ ಪುಸ್ತಕ. ಸೊಖಾ ಎಲ್ಲಿದೆ ಅಂತ ಹುಡುಕಿದಳು. ಸೊಖಾ ಅಂದರೆ ಮೊದಲಿಗೆ ನೇಗಿಲೇ ಅಲ್ಲವಂತೆ, ಕವಲೊಡೆದ ಕೊಂಬೆಯಂತೆ. ಲಿಥುವೇನಿಯಾದವರು ಕೊಂಬೆಗೆ ಶಕಾ ಅನ್ನುತ್ತಾರಂತೆ. ಸಂಸ್ಕೃತದಲ್ಲಿ ಅದೇ ಶಾಖಾ.

ಶಾಂತಮ್ಮನಿಗೆ ಮೈಮೇಲೆ ಮುಳ್ಳೆದ್ದವು. ಲೈಬ್ರರಿಯಲ್ಲಿ ಒಬ್ಬಳೇ ಕೂತು ನಕ್ಕಳು. ಬ್ಯಾಂಕಿನ ಬಾಗಿಲ ಮೇಲೆ 'ಹರಿಹರ ಶಾಖೆ' ಅಂತ ಬರೆದಿರುತ್ತದಲ್ಲ, ಆ ಶಾಖೆಯೂ ರಷ್ಯಾದ ಬಡವನ ಹೆಗಲ ಮೇಲಿನ ನೇಗಿಲೂ ಒಂದೇ ಬಳಗ. ಆಮೇಲೆ ಯಾವ ಬ್ಯಾಂಕಿನ ಬೋರ್ಡು ನೋಡಿದರೂ ಆಕೆಗೆ ಉತ್ತ ಹೊಲ ಕಾಣುತ್ತಿತ್ತು. ಈ ಖುಷಿಯನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಮಕ್ಕಳಿಗೆ ಪಾಠ ಹೇಳಲು ಶುರು ಮಾಡಿದ ಮೇಲೆ ಎಲ್ಲರಿಗೂ ಹೇಳಿದಳು.

ಪಾಠಕ್ಕೆ ಜಾಗ ಮಾತ್ರ ಎಲ್ಲೂ ಗಟ್ಟಿಯಾಗಲಿಲ್ಲ. ಮನೆಯೋ, ಇಬ್ಬರು ಬಂದರೆ ಮೂರನೆಯವರು ಅಡುಗೆ ಒಲೆ ಪಕ್ಕ ಕೂರಬೇಕು. ಒಂದು ಟೈಲರ್ ಅಂಗಡಿಯ ಅಟ್ಟದಲ್ಲಿ ನಡೆಸಿದಳು, ಹೊಲಿಗೆ ಯಂತ್ರದ ಸದ್ದಿಗೂ ರಷ್ಯನ್ ವ್ಯಂಜನಕ್ಕೂ ಹೊಂದಿಕೆಯಾಗಲಿಲ್ಲ. ಒಂದು ಟ್ಯುಟೋರಿಯಲ್‌ನವರು ಕರೆದು ಕೋಣೆ ಕೊಟ್ಟರು. 'ತಿಂಗಳಲ್ಲಿ ರಷ್ಯನ್ ನೀರು ಕುಡಿದಂತೆ' ಅಂತ ಬ್ಯಾನರ್ ಹಾಕಿಸಿದರು. "ತಿಂಗಳಿಗೆ ನೀರು ಅನ್ನೋ ಪದ ಬಂದ್ರೆ ದೊಡ್ಡದು" ಅಂತ ಈಕೆ ಬಂದ ಪೋಷಕರಿಗೆಲ್ಲ ಹೇಳಿದಳು. ಆ ಕೋಣೆಯೂ ಹೋಯಿತು. ಗಂಡ ತೀರಿಕೊಂಡ ಮೇಲೆ ಕೆಲವು ದಿನ ಯಾರದೋ ಕಾರ್ ಶೆಡ್ಡಿನಲ್ಲಿ ಪಾಠ ನಡೆಯಿತು, ಕಾರು ಬಂದಾಗ ಎಲ್ಲರೂ ಎದ್ದು ನಿಲ್ಲಬೇಕಾಗಿತ್ತು.

ಹಾಗಿರುವಾಗ ಎಂ.ಸಿ.ಸಿ. ಬಡಾವಣೆಯ ನಾಗರಿಕ ಸಂಘದವರು ತಮ್ಮ ಕಟ್ಟಡದ ಮೇಲಿನ ಹಾಲನ್ನು ಆಕೆಗೆ ತಾತ್ಕಾಲಿಕವಾಗಿ ಬಿಟ್ಟುಕೊಟ್ಟರು. ಗೋಡೆ ತುಂಬ ಕರಿಹಲಗೆ, ತಲೆ ಮೇಲೆ ತಿರುಗುವ ಫ್ಯಾನು, ಕಿಟಕಿ ತೆಗೆದರೆ ಗಾಳಿ, ಎಬ್ಬಿಸುವವರಿಲ್ಲದ ಬೆಂಚುಗಳು. ಆ ಹಾಲಿನ ಮೇಲೆ ಶಾಂತಮ್ಮನಿಗೆ ಜೀವವೇ ಇತ್ತು. ಪಾಠ ಮುಗಿದ ಮೇಲೂ ಒಬ್ಬಳೇ ಕೂತು ಬೋರ್ಡು ಒರೆಸುತ್ತಿದ್ದಳು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ಸಂಘದ ಅಧ್ಯಕ್ಷರು ಮುರುಗೇಶಪ್ಪ, ಬಟ್ಟೆ ವ್ಯಾಪಾರಿ, ಕೈ ಎತ್ತಿ ಕೊಡುವ ಮನುಷ್ಯ. ಅವರ ಮಗ ಪ್ರಶಾಂತ, ಊರಿನಲ್ಲಿ ಏನು ನಡೆದರೂ ಮೊಬೈಲಿನಲ್ಲಿ ಹಿಡಿದು ರೀಲ್ ಮಾಡಿ ಹಾಕುವವನು.

ಹೊಸ ಬ್ಯಾಚಿನ ಮೊದಲನೆಯ ದಿನ ಪ್ರಶಾಂತ ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತಿದ್ದ. ಶಾಂತಮ್ಮ ಎಂದಿನಂತೆ ಸೊಖಾ ಬರೆದು, ಎಂದಿನಂತೆ ಎಚ್ಚರಿಕೆ ಹೇಳಿದಳು. "ಸಂಸ್ಕೃತದ ಶಾಖಾದಿಂದ ರಷ್ಯಾದ ಸೊಖಾ ಹುಟ್ಟಿತು, ಈ ಹೆಸರನ್ನ ಅವರು ನಮ್ಮಿಂದ ಕಲಿತರು, ಅಂತ ಯಾರಾದ್ರೂ ಹೇಳಿದ್ರೆ ನಂಬಬ್ಯಾಡ್ರಿ."

ನಮ್ಮ ಕನ್ನಡದ ಸ್ವಭಾವ ನಿಮಗೆ ಗೊತ್ತೇ ಇದೆ. ಮಾತಿನ ಜೀವವೆಲ್ಲ ಬಾಲದಲ್ಲಿ. 'ಅಳಿಯ ಬಂದ' ಅಂತ ಕೇಳಿ ಎಲೆ ಹಾಕುವಷ್ಟರಲ್ಲಿ, 'ಅಂದುಕೊಂಡಿದ್ದೆ, ಬರಲಿಲ್ಲ' ಅಂತ ಮಾತು ಮುಗಿಯುತ್ತದೆ. ಪ್ರಶಾಂತ ಆ ಬಾಲವನ್ನು ಕಚಕ್ ಅಂತ ಕತ್ತರಿಸಿದ. ರೀಲ್‌ನಲ್ಲಿ ಉಳಿದದ್ದು 'ನಮ್ಮಿಂದ ಕಲಿತರು' ಅನ್ನುವ ತನಕ ಮಾತ್ರ. ಹಿಂದೆ ಶಂಖದ ಸದ್ದು ಬೇರೆ ಹಾಕಿದ್ದ.

ಅದು ಹೇಗೆ ಹಬ್ಬಿತು ಅಂತೀರಿ. ಬೆಳಿಗ್ಗೆ ಮನೆಗೆ ಹಾಲು ಹಾಕುವವನು ಕೈ ಮುಗಿದ. ಹರಿಹರದ ಅಣ್ಣ, ಅದೇ ಅಣ್ಣ, ಫೋನ್ ಮಾಡಿ, "ನಮ್ಮ ಮನೆತನದ ಹೆಸರು ಉಳಿಸಿದೆ ಬಿಡು" ಅಂತ ಗದ್ಗದಿತನಾದ. ಶಾಂತಮ್ಮ ನೆಟ್ಟಗೆ ಪ್ರಶಾಂತನ ಮನೆಗೆ ಹೋದಳು.

"ತೆಗಿ ಅದನ್ನ."

"ಮೇಡಂ, ಎಷ್ಟು ಜನ ನೋಡ್ಯಾರೆ ಗೊತ್ತೇನ್ರಿ? ಈಗ ತೆಗೆದ್ರೆ ಸುಳ್ಳು ಅಂತ ನಾವೇ ಒಪ್ಪಿಕೊಂಡಂಗೆ."

"ಸುಳ್ಳೇ ಅಲ್ಲೇನಪ್ಪ ಅದು?"

"ಸುಳ್ಳಲ್ಲ ಮೇಡಂ, ಸ್ವಲ್ಪ ಶಾರ್ಟ್ ಮಾಡೀನಿ ಅಷ್ಟೆ."

ಮುರುಗೇಶಪ್ಪನವರು ಒಳಗಿನಿಂದ ಬಂದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು, ಅವರದು ನಾಟಕವಲ್ಲ. "ಅಕ್ಕಾರೆ, ಭಾನುವಾರ ನಿಮಗೆ ಸನ್ಮಾನ. ಮೇಲಿನ ಹಾಲು ಇನ್ನು ಮುಂದೆ ನಿಮ್ಮ ಪಾಠಕ್ಕೇ ಕಾಯಂ. ಕಮಿಟಿ ಒಪ್ಪೈತೆ," ಅಂದರು.

ಕಾಯಂ ಅನ್ನುವ ಮಾತಿಗೆ ಶಾಂತಮ್ಮ ಆಸೆಪಟ್ಟಳು. ಆದರೂ ಹೇಳಿದಳು. "ಮುರುಗೇಶಪ್ಪನೋರೆ, ಅವರು ನಮ್ಮಿಂದ ಕಲಿತದ್ದಲ್ರಿ. ಅವರ ಮಾತಿಗೂ ಸಂಸ್ಕೃತಕ್ಕೂ ಹಿಂದಿನ ಕಾಲದಾಗೆ ಒಬ್ಬಳೇ ತಾಯಿ ಇದ್ಲು ಅಂತಾರೆ ತಿಳಿದೋರು. ಇವೆರಡೂ ಅಕ್ಕತಂಗೇರು."

"ಹಂಗಾದ್ರೆ ನಾವೇ ಅಕ್ಕ."

"ಅಕ್ಕ ಆದ್ರೂ ತಂಗೀನ ಹಡೀತಾಳೇನ್ರಿ?"

ಮುರುಗೇಶಪ್ಪ ಹೊಟ್ಟೆ ಕುಲುಕಿಸಿ ನಕ್ಕರು. "ನಿಮ್ಮ ಜೊತೆ ವಾದ ಮಾಡಕ್ಕಾಗಲ್ಲ ಬಿಡ್ರಿ. ಭಾನುವಾರ ನೀವೇನೂ ಹೇಳೋದು ಬ್ಯಾಡ. ಹೌದು ಅನ್ನೋದೂ ಬ್ಯಾಡ, ಅಲ್ಲ ಅನ್ನೋದೂ ಬ್ಯಾಡ. ಸುಮ್ನೆ ಬಂದು ಕೂಡ್ರಿ, ಬೀಗದಕೈ ತಗೊಂಡು ಹೋಗ್ರಿ. ಜನ ಖುಷಿಯಾಗ್ಯಾರೆ, ಅವರ ಖುಷಿ ಯಾಕ ಕೆಡಿಸ್ತೀರಿ?"

ಶಾಂತಮ್ಮ ಮನೆಗೆ ಬಂದಳು. ಸುಳ್ಳು ಯಾಕೆ ಹೇಳಲಿ, ಆಕೆಗೆ ಆ ಮೇಲಿನ ಹಾಲು ಬೇಕಾಗಿತ್ತು. ಅನ್ನ ಬೇಕಾದ ಹಾಗೆ ಬೇಕಾಗಿತ್ತು. ಇನ್ನೊಂದು ಶೆಡ್ಡು, ಇನ್ನೊಂದು ಅಟ್ಟ ಹುಡುಕುವ ಶಕ್ತಿ ಮಂಡಿಯಲ್ಲಿ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಕೂತರೆ ಸುಳ್ಳು ಹೇಳಿದಂತಾಗುತ್ತದೆಯೇ? ಹೇಳಿದವನು ಪ್ರಶಾಂತ, ನಂಬಿದವರು ಜನ, ನನಗೇನು? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಜೀವಮಾನದಲ್ಲಿ ಮೊದಲ ಸಲ ಸೊಕ್ಕನ್ನು ಮಡಿಸಿ ಒಳಗಿಡೋಣ ಅಂತ ತೀರ್ಮಾನ ಮಾಡಿದಳು.

ಮರುದಿನ ಕ್ಲಾಸಿನಲ್ಲಿ ನಿಖತ್ ಕೈ ಎತ್ತಿದಳು. ನಿಖತ್ ಹರಿಹರದವಳು, ಮಸ್ತಾನಸಾಬರ ಮೊಮ್ಮಗಳು, ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಮಿಕ್ಕವರು ಸೊಖಾದ 'ಖ'ಕ್ಕೆ ಗಂಟಲು ಕೆರೆದುಕೊಳ್ಳುತ್ತಿದ್ದರೆ ಇವಳು ಮನೆಯಲ್ಲಿ ಖಬರ್, ಖುದಾ ಅಂದ ಹಾಗೆ ಸಲೀಸಾಗಿ ಅನ್ನುತ್ತಿದ್ದಳು. ಮಾಸ್ಕೋದಿಂದ ಆಚೆ ಯಾವುದೋ ಊರಲ್ಲಿ ಅವಳಿಗೆ ಸೀಟು ಸಿಕ್ಕಿತ್ತು.

"ಮೇಡಂ, ಕ್ಲಾಸ್‌ನಾಗೆ ಒಂದು ಹೇಳಿದ್ರಿ, ರೀಲ್‌ನಾಗೆ ಇನ್ನೊಂದು ಐತೆ. ಯಾವುದು ಖರೆ?"

"ಕ್ಲಾಸ್‌ನಾಗೆ ಹೇಳಿದ್ದು."

"ಮತ್ತೆ ರೀಲ್‌ನಾಗೆ ಇರೋದು?"

"ಅದನ್ನ ಬಿಟ್ಟುಬಿಡು," ಅಂದಳು ಶಾಂತಮ್ಮ. ಹಾಗೆ ಅಂದದ್ದಕ್ಕೆ ಆಕೆಗೇ ನಾಚಿಕೆಯಾಯಿತು. ಹುಡುಗಿ "ಆಯ್ತು ಮೇಡಂ" ಅಂತ ಪುಸ್ತಕ ತೆರೆದಳು, ಅದರಿಂದ ನಾಚಿಕೆ ಇನ್ನೂ ಹೆಚ್ಚಾಯಿತು.

ಭಾನುವಾರ ಸಂಜೆ ಹಾಲು ಜನರಿಂದ ತುಂಬಿತ್ತು. ವೇದಿಕೆಯ ಹಿಂದೆ ಬ್ಯಾನರ್, 'ರಷ್ಯಾಕ್ಕೆ ನೇಗಿಲ ಹೆಸರು ಕೊಟ್ಟವರು ನಾವು'. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಮಡಿಲಲ್ಲಿ ಇಟ್ಟರು. ಹಾಲಿನ ಬೀಗದಕೈಯನ್ನು ಕುಂಕುಮ ಹಚ್ಚಿ ತಟ್ಟೆಯಲ್ಲಿಟ್ಟು ಮುರುಗೇಶಪ್ಪನವರೇ ಕೈಗೆ ಕೊಟ್ಟರು. ಶಾಂತಮ್ಮ ಬೀಗದಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಬಾಯಿಯನ್ನು ಅದಕ್ಕಿಂತ ಬಿಗಿಯಾಗಿ ಮುಚ್ಚಿಕೊಂಡು ಕೂತಳು. ಎಲ್ಲ ನೆಟ್ಟಗೆ ನಡೆದಿತ್ತು. ಅಲ್ಲಿಗೇ ಮುಗಿಸಿ ಮಂಡಕ್ಕಿ ಮೆಣಸಿನಕಾಯಿ ಹಂಚಿದ್ದರೆ ಆಗುತ್ತಿತ್ತು.

ಮುರುಗೇಶಪ್ಪನವರಿಗೆ ಉತ್ಸಾಹ ಉಕ್ಕಿತು. ಮೈಕ್ ಹಿಡಿದು, "ಈ ಮಾತು ನಮ್ಮೂರಾಗೆ ಉಳಿದ್ರೆ ಸಾಲದು, ರಷ್ಯಾದವರಿಗೂ ಮುಟ್ಟಬೇಕು. ಅಕ್ಕಾರ ಶಿಷ್ಯೆ ಒಬ್ಬಾಕಿ ಬಂದು ಅವರ ಭಾಷೆಯಾಗೇ ಹೇಳಲಿ" ಅಂದರು. ಪ್ರಶಾಂತ ಮೊಬೈಲ್ ಎತ್ತಿ ಹಿಡಿದ. ಎಲ್ಲರೂ ತಿರುಗಿ ನಿಖತ್‌ಳನ್ನು ನೋಡಿದರು, ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತಾಡುವವಳು ಅವಳೇ.

ನಿಖತ್ ಮೇಲೆ ಬಂದಳು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಮನಸ್ಸಿನಲ್ಲೇ ಪದ ಜೋಡಿಸಿದಳು. "ಸ್ಲೊವ ಸಖಾ ರುಸ್ಕಿಯೆ ವ್ಜ್ಯಾಲಿ..." ಅಂತ ಶುರು ಮಾಡಿದವಳು ಅಲ್ಲಿಗೇ ನಿಂತಳು. ಸೊಖಾ ಅನ್ನುವ ಪದವನ್ನು ರಷ್ಯನ್ನರು ತೆಗೆದುಕೊಂಡರು, ಅಲ್ಲಿಯ ತನಕ ಆಯಿತು. ಯಾರಿಂದ ಅನ್ನುವುದು ಬಾಕಿ. ಅವಳು ಮೈಕಿನಿಂದ ಬಾಯಿ ಸರಿಸಿ ಶಾಂತಮ್ಮನ ಕಿವಿಯ ಹತ್ತಿರ ಬಗ್ಗಿದಳು.

"ಮೇಡಂ, ನಮ್ಮಿಂದ ಅನ್ನಾಕೆ ಯಾವ ವಿಭಕ್ತಿ? ಉ ನಾಮ್ ಅನ್ಲಾ, ಉ ನಾಸ್ ಅನ್ಲಾ?"

ಹುಡುಗಿ ಕೇಳಿದ್ದು ವ್ಯಾಕರಣ ಅಷ್ಟೆ. ತಪ್ಪಿಲ್ಲದೆ ಹೇಳಬೇಕು ಅನ್ನುವ ಆಸೆ ಅಷ್ಟೆ, ಅದನ್ನು ಕಲಿಸಿದವಳು ಶಾಂತಮ್ಮನೇ. ಇಷ್ಟು ದಿನ ಸುಳ್ಳು ಪ್ರಶಾಂತನ ಮೊಬೈಲಿನಲ್ಲಿತ್ತು, ಮುರುಗೇಶಪ್ಪನ ಬ್ಯಾನರಿನಲ್ಲಿತ್ತು. ಈಗ ಅದನ್ನು ತಾನೇ ತಿದ್ದಿ, ವಿಭಕ್ತಿ ಪ್ರತ್ಯಯ ಹಚ್ಚಿ, ತಾನು ಕಲಿಸಿದ ಹುಡುಗಿಯ ಬಾಯಲ್ಲಿ ಇಡಬೇಕು. ನಾಳೆ ಆ ಹುಡುಗಿ ಆ ಜನರ ನಡುವೆ ಬಾಳಬೇಕು.

"ಉ ನಾಸ್," ಅಂದಳು ಶಾಂತಮ್ಮ. "ಅದರ ಮುಂಚೆ ಒಂದು 'ನ್ಯೆ' ಹಾಕು."

ನ್ಯೆ ಅಂದರೆ ರಷ್ಯನ್‌ನಲ್ಲಿ 'ಅಲ್ಲ' ಅಂತ. ನಮ್ಮಲ್ಲಿ ಅಲ್ಲ ಅನ್ನುವುದು ಕೊನೆಗೆ ಬರುತ್ತದೆ, ಅವರಲ್ಲಿ ಮುಂದೆ ಬಂದು ನಿಲ್ಲುತ್ತದೆ. ನಿಖತ್ ಒಂದು ಸಲ ಆಕೆಯ ಮುಖ ನೋಡಿದಳು. ಅರ್ಥವಾಯಿತು. ಕಣ್ಣಲ್ಲಿ ನಗು ಬಂತು. ಮೈಕಿಗೆ ಬಾಯಿಟ್ಟು, ಮೊದಲಿನಿಂದ ಕೊನೆಯ ತನಕ ಒಂದೇ ಉಸಿರಿಗೆ ಹೇಳಿದಳು: "ಸ್ಲೊವ ಸಖಾ ರುಸ್ಕಿಯೆ ವ್ಜ್ಯಾಲಿ ನ್ಯೆ ಉ ನಾಸ್."

ಹಾಲು ಚಪ್ಪಾಳೆಯಿಂದ ಗುಡುಗಿತು. ಮುರುಗೇಶಪ್ಪನವರಂತೂ ಎದ್ದು ನಿಂತು ತಟ್ಟಿದರು. ಅಲ್ಲಿಗೆ ಬಿಡಬಹುದಾಗಿತ್ತು. ಸತ್ಯ ಹೇಳಿದಂತೆಯೂ ಆಯಿತು, ಯಾರಿಗೂ ತಿಳಿಯದಂತೆಯೂ ಆಯಿತು, ಬೀಗದಕೈ ಕೈಯಲ್ಲೇ ಇದೆ. ಜಾಣರಾದವರು ಹಾಗೇ ಮಾಡುತ್ತಿದ್ದರು. ಶಾಂತಮ್ಮ ಎದ್ದು ಮೈಕ್ ಈಸಿಕೊಂಡಳು.

"ಕೈ ತಟ್ಟಿದ್ರಿ, ಸಂತೋಷ. ಹುಡುಗಿ ಏನಂದ್ಲು ಅಂತ ಹೇಳ್ತೀನಿ ಕೇಳ್ರಿ. ಪ್ರಶಾಂತ, ಹಿಡಕೊಳ್ಳಪ್ಪ ಮೊಬೈಲು, ಈ ಸಲ ಕತ್ತರಿಸಾಕೆ ನಿನಗೆ ಜಾಗ ಕೊಡಲ್ಲ. ಅಲ್ಲ. ನಮ್ಮಿಂದ ಅಲ್ಲ. ಇಲ್ಲ, ಕಲಿತಿಲ್ಲ ಅವರು ನಮ್ಮಿಂದ ಸೊಖಾ ಅನ್ನೋ ಹೆಸರನ್ನ. ಅದೇ ಈಕಿ ಹೇಳಿದ್ದು. ಅದಕ್ಕೇ ನೀವು ಕೈ ತಟ್ಟಿದ್ದು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದರು.

"ನಾವು ಅವರಿಗೆ ಕೊಟ್ಟಿಲ್ಲ, ಅವರು ನಮ್ಮಿಂದ ಕದ್ದಿಲ್ಲ," ಅಂತ ಶಾಂತಮ್ಮ ಮುಂದುವರಿಸಿದಳು. "ಎಲ್ಲೋ ಒಬ್ಬ ರೈತ ಕವಲು ಕೊಂಬೆ ಕಡಿದು ನೆಲಕ್ಕೆ ಊರಿದ. ಕೊಂಬೆ ಹೆಸರೇ ನೇಗಿಲಿಗೆ ಬಂತು. ನಮ್ಮ ಕಡೆ ಅದೇ ಹೆಸರು ಮರದ ಮೇಲೇ ಉಳೀತು. ಇಷ್ಟು ಚಂದ ಐತೆ ಅದು. ಇಷ್ಟು ಚಂದ ಇರೋದಕ್ಕೆ ಯಾಕ್ರಿ ಸುಳ್ಳು ಹಚ್ಚಬೇಕು?"

ಮುರುಗೇಶಪ್ಪನವರ ಮುಖ ಕೆಂಪಾಗಿತ್ತು. ಮೈಕ್ ಇಲ್ಲದೆಯೇ, ತಗ್ಗಿದ ದನಿಯಲ್ಲಿ ಕೇಳಿದರು. "ಅಕ್ಕಾರೆ, ಕರೆದು ಸನ್ಮಾನ ಮಾಡಿದೋರ ಮಾನ ಹಿಂಗ ಕಳೀತೀರಾ? ನಿಮಗೆ ಹಾಲು ಬ್ಯಾಡಾ ಹಂಗಾದ್ರೆ?"

"ಬೇಕ್ರಿ. ಯಾಕ ಬ್ಯಾಡ? ಇವತ್ತೂ ಬೇಕು, ನಾಳೆನೂ ಬೇಕು. ಇದಕ್ಕಿಂತ ಚಲೋ ಜಾಗ ನಾನು ಕಂಡೇ ಇಲ್ಲ. ಆದ್ರೆ ಸುಳ್ಳಿನ ಕಾಗುಣಿತ ತಿದ್ದಿಕೊಡೋ ಕೆಲಸ ನಂದಲ್ಲ."

ಬೀಗದಕೈಯನ್ನು ತಟ್ಟೆಯಲ್ಲಿ ಇಟ್ಟಳು. ಅಂಗೈಗೆಲ್ಲ ಕುಂಕುಮ ಮೆತ್ತಿತ್ತು. ಹಣ್ಣಿನ ಬುಟ್ಟಿ ಕುರ್ಚಿಯ ಮೇಲಿಟ್ಟಳು. ಶಾಲು ಮಾತ್ರ ಕೊಡಲಿಲ್ಲ. "ಇದು ಪಾಠ ಹೇಳಿದ್ದಕ್ಕೆ ಹೊದಿಸಿದ್ದು. ಹೇಳೀನಿ," ಅಂತ ಅದನ್ನು ಸರಿಯಾಗಿ ಹೊದ್ದುಕೊಂಡು ಮೆಟ್ಟಿಲಿಳಿದಳು. ಯಾರೂ ತಡೆಯಲಿಲ್ಲ, ಯಾರೂ ಜೊತೆಗೆ ಬರಲಿಲ್ಲ. ನಿಖತ್ ಒಬ್ಬಳು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಓಡಿಬಂದಳು.

ಇಬ್ಬರೂ ವಿನೋಬನಗರದ ಕಡೆಗೆ ಆಟೋ ಹತ್ತಿದರು. ನಿಖತ್ ಅಲ್ಲಿಂದ ಮುಂದೆ ಬಸ್‌ಸ್ಟ್ಯಾಂಡಿಗೆ ಹೋಗಬೇಕಾಗಿತ್ತು. ಬಡಾವಣೆ ದಾಟುವ ತನಕ ಶಾಂತಮ್ಮ ನೆಟ್ಟಗೆ ಕೂತಿದ್ದಳು. ಆಮೇಲೆ ಅಳು ತಡೆಯಲಾಗಲಿಲ್ಲ. ಶಾಲಿನ ಅಂಚನ್ನೇ ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆ ಗೋಡೆ ತುಂಬ ಇದ್ದ ಕರಿಹಲಗೆಗಾಗಿ ಅತ್ತಳು. ಈ ವಯಸ್ಸಿನಲ್ಲಿ ಮತ್ತೆ ಯಾರ ಬಾಗಿಲಿಗೆ ಹೋಗಿ ಜಾಗ ಕೇಳಲಿ ಅಂತ ಅತ್ತಳು. ಮಾಡಿದ್ದು ತಪ್ಪು ಅಂತ ಮಾತ್ರ ಆಕೆಗೆ ಒಂದು ಸಲವೂ ಅನ್ನಿಸಲಿಲ್ಲ.

ನಿಖತ್ ಆಕೆಯ ಹೆಗಲಿನಿಂದ ಜಾರಿದ ಶಾಲನ್ನು ಸರಿಮಾಡಿ, ಅಂಜುತ್ತ ಕೇಳಿದಳು. "ಮೇಡಂ, ನಾಳೆ ಕ್ಲಾಸ್ ಎಲ್ಲಿ?"

ಶಾಂತಮ್ಮನಿಗೆ ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡಳು, ಮೂಗೊರೆಸಿಕೊಂಡಳು.

"ನಾಳೆ ಯಾಕ, ಇಲ್ಲೇ ಶುರು ಮಾಡು. ಯಾರಾದ್ರೂ ದೊಡ್ಡೋರು ನಿನ್ನ ಕೈಲಿ ಆಗಬಾರದ್ದು ಮಾಡಿಸಾಕೆ ಬಂದ್ರೆ ಒಂದೇ ಮಾತು ಸಾಕು. ಇಲ್ಲ, ಆಗಲ್ಲ ಅನ್ನಾಕೆ ಅವರ ಭಾಷೆಯಾಗೆ ಏನು?"

"ನ್ಯೆತ್."

"ಕೇಳಲಿಲ್ಲ."

"ನ್ಯೆತ್," ಅಂದಳು ನಿಖತ್, ಆಟೋದವನು ಹಿಂದಕ್ಕೆ ತಿರುಗಿ ನೋಡುವಷ್ಟು ಗಟ್ಟಿಯಾಗಿ.

"ಇನ್ನೂ ಗಟ್ಟಿ," ಅಂದಳು ಶಾಂತಮ್ಮ.